ಪಿಕಪ್ಪಿನ ಬೆನ್ನ ಮೇಲೊಂದು ಮುಚ್ಚಳ

ಎಲ್ಲರಿಗೂ ನಮಸ್ಕಾರ.

ಪಿಕಪ್ ಇಟ್ಟುಕೊಂಡವರು ಎಷ್ಟು ಜನ ಎಂದು ಈಗಷ್ಟೇ ಕೇಳಿದೆ, ಅರ್ಧಕ್ಕಿಂತ ಹೆಚ್ಚು ಕೈಗಳು ಎದ್ದವು. ಅದರ ಹಿಂಭಾಗದಲ್ಲಿ ಒಂದು ರಾತ್ರಿಯಾದರೂ ಮಲಗಿದವರು ಎಷ್ಟು ಎಂದಾಗ ನಾಲ್ಕೈದು ಕೈ ಮಾತ್ರ. ಇವತ್ತಿನ ಮಾತು ಉಳಿದವರಿಗಾಗಿ. ಆಸೆ ಇದೆ, ಗಾಡಿ ಇದೆ, ಎಲ್ಲಿಂದ ಶುರು ಮಾಡಬೇಕು ಎಂದು ಗೊತ್ತಾಗುತ್ತಿಲ್ಲ ಎನ್ನುವವರಿಗಾಗಿ.

ಪಿಕಪ್ಪಿನ ತೆರೆದ ಬಾಡಿಯ ಮೇಲೆ ಕೂರಿಸುವ ಗಟ್ಟಿ ಮಾಡಿಗೆ ಟಾಪರ್ ಎನ್ನುತ್ತಾರೆ, ಕೆಲವು ದೇಶಗಳಲ್ಲಿ ಕ್ಯಾನೊಪಿ ಎನ್ನುತ್ತಾರೆ. ಫೈಬರಿನದು ಸಿಗುತ್ತದೆ, ಅಲ್ಯೂಮಿನಿಯಂನದು ಸಿಗುತ್ತದೆ, ಉಕ್ಕಿನ ತಗಡಿನದೂ ಇದೆ. ನಾನು ಅದನ್ನು ಮುಚ್ಚಳ ಎಂದೇ ಕರೆಯುವುದು. ಹೆಸರಿನಲ್ಲೇನಿದೆ ಎನ್ನಬೇಡಿ. ಅದನ್ನು ಮನೆ ಎಂದುಕೊಂಡವರು ಮನೆಯ ಸಾಮಾನೆಲ್ಲ ತಂದು ತುಂಬುತ್ತಾರೆ. ನಾನೂ ತುಂಬಿದ್ದೆ. ಮುಚ್ಚಳ ಎಂದುಕೊಂಡ ದಿನದಿಂದ ನನ್ನ ಯೋಚನೆಯೇ ಬದಲಾಯಿತು. ಧೂಳು ಒಳಗೆ ಬರಬಾರದು, ಉಸಿರು ಹೊರಗೆ ಹೋಗಬೇಕು, ಕೆಳಗಿನ ಪಾತ್ರೆ ಹೊರುವಷ್ಟೇ ತುಂಬಬೇಕು. ಮುಚ್ಚಳದಿಂದ ನಾವು ಬಯಸುವುದು ಇಷ್ಟೇ.

ಹೀಗೆ ಗಾಡಿಯಲ್ಲೇ ಮಲಗುತ್ತಾ ದೂರದ ಕಚ್ಚಾ ದಾರಿಗಳಲ್ಲಿ ತಿರುಗುವುದಕ್ಕೆ ಓವರ್‌ಲ್ಯಾಂಡಿಂಗ್ ಎನ್ನುತ್ತಾರೆ. ಆ ಮಾತಿನ ಬೇರು ದನ ಕಾಯುವವರಲ್ಲಿದೆ. 19ನೇ ಶತಮಾನದ ಆಸ್ಟ್ರೇಲಿಯಾದಲ್ಲಿ ದನಕುರಿಗಳ ಮಂದೆಯನ್ನು ನೆಲದ ಮೇಲೆಯೇ ತಿಂಗಳುಗಟ್ಟಲೆ ಹೊಡೆದುಕೊಂಡು ಹೋಗುತ್ತಿದ್ದವರನ್ನು ಓವರ್‌ಲ್ಯಾಂಡರ್ ಎನ್ನುತ್ತಿದ್ದರು. ಅದೇ ನೆಲದ ಮರುಭೂಮಿಯಲ್ಲಿ ಲೆನ್ ಬೀಡೆಲ್ ಎಂಬ ಸರ್ವೇಯರ್ ಮತ್ತು ಅವರ ಸಣ್ಣ ತಂಡ ಸುಮಾರು 1,400 ಕಿಲೋಮೀಟರಿನ ಗನ್‌ಬ್ಯಾರಲ್ ಹೆದ್ದಾರಿಯನ್ನು 1958ರಲ್ಲಿ ಮುಗಿಸಿತು. ಇವತ್ತಿಗೂ ಅದು ಮಣ್ಣಿನ ದಾರಿಯೇ. ಅಂಥ ದಾರಿಯಲ್ಲಿ ಹೋಗುವವರಿಗೆ ಬೇಕಾದದ್ದು ಒಣಗಿದ ಹಾಸಿಗೆ, ಕುಡಿಯುವ ನೀರು ಮತ್ತು ಮುರಿಯದ ಗಾಡಿ.

ತೂಕದಿಂದ ಶುರು ಮಾಡುತ್ತೇನೆ, ಏಕೆಂದರೆ ಎಲ್ಲರೂ ಅದನ್ನು ಕೊನೆಗೆ ನೋಡುತ್ತಾರೆ. ಪ್ರತಿ ಪಿಕಪ್ಪಿಗೂ ತಯಾರಕರು ಒಂದು ಗರಿಷ್ಠ ಒಟ್ಟು ತೂಕ ನಿಗದಿ ಮಾಡಿರುತ್ತಾರೆ. ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಕಂಬದ ಮೇಲೆ ಅಥವಾ ಬಾನೆಟ್ಟಿನ ಒಳಗೆ ಫಲಕ ಅಂಟಿಸಿರುತ್ತಾರೆ. ಅದರಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದು ನಿಮ್ಮ ಪಾಲು. ಆ ಪಾಲು 850 ಕಿಲೋ ಎಂದಿಟ್ಟುಕೊಳ್ಳೋಣ. ಬೇಕಾದಷ್ಟಿದೆ ಎನಿಸುತ್ತದೆ ಅಲ್ಲವೆ? ನನ್ನ ಜೊತೆ ಕೂಡುತ್ತಾ ಬನ್ನಿ. ಇಬ್ಬರು ಮನುಷ್ಯರು 150. ಫೈಬರ್ ಟಾಪರ್ 90. ಮಂಚ ಮತ್ತು ಡ್ರಾಯರ್ 110. ಮೇಲಿನ ಕ್ಯಾರಿಯರ್ 35, ಅದರ ಮೇಲೊಂದು ಟೆಂಟು 65. ನೀರು 60 ಲೀಟರ್, ಅಂದರೆ 60 ಕಿಲೋ. ತುಂಬಿದ ಫ್ರಿಜ್ 45. ಬ್ಯಾಟರಿ, ಚಾರ್ಜರ್, ವೈರು 35. ಮುಂದೆ ಉಕ್ಕಿನ ಬಂಪರ್, ಸಿಕ್ಕಿಬಿದ್ದ ಗಾಡಿಯನ್ನು ಎಳೆದುಕೊಳ್ಳುವ ವಿಂಚು ಹಾಕಿಸಿದ್ದರೆ 95. ಜ್ಯಾಕು, ಎಳೆಯುವ ಹಗ್ಗ, ಎರಡನೇ ಸ್ಟೆಪ್ನಿ 70. ಅಡುಗೆ ಸಾಮಾನು, ಕುರ್ಚಿ, ಬಟ್ಟೆಬರೆ, ದಿನಸಿ 100. ಒಟ್ಟು 855. ಹಿಂದಿನ ಸೀಟಿನಲ್ಲಿ ಇನ್ನೂ ಯಾರೂ ಕೂತಿಲ್ಲ, ಗೆರೆ ದಾಟಿಯಾಯಿತು.

ಒಂದೊಂದೇ ವಸ್ತು ಕೈಯಲ್ಲಿ ಹಿಡಿದಾಗ ಯಾವುದೂ ಭಾರ ಎನಿಸುವುದಿಲ್ಲ. ಕೂಡಿದಾಗಲೇ ಗೊತ್ತಾಗುವುದು. ಆದ್ದರಿಂದ ನನ್ನದೊಂದು ಕೋರಿಕೆ: ಏನನ್ನೂ ಹಾಕಿಸುವ ಮೊದಲು, ಖಾಲಿ ಗಾಡಿಯನ್ನು ಟ್ಯಾಂಕ್ ತುಂಬಿಸಿ, ಲಾರಿ ತೂಗುವ ವೇಬ್ರಿಡ್ಜ್ ಮೇಲೆ ನಿಲ್ಲಿಸಿ. ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ ತೂಕ ಬರೆದುಕೊಳ್ಳಿ, ಆಮೇಲೆ ಪೂರ್ತಿ ಗಾಡಿ. ಎಲ್ಲ ಕೆಲಸ ಮುಗಿದ ಮೇಲೆ, ಪ್ರಯಾಣಕ್ಕೆ ಹೊರಡುವಂತೆ ತುಂಬಿ, ಮತ್ತೆ ಅದನ್ನೇ ಮಾಡಿ. ಎರಡು ಚೀಟಿ ಪಕ್ಕಪಕ್ಕ ಇಟ್ಟು ನೋಡಿದರೆ ಗಾಡಿಯ ಸ್ಥಿತಿ ಪೂರ್ತಿ ತಿಳಿಯುತ್ತದೆ.

ಮುಂದಿನ ಚಕ್ರವನ್ನು ಬೇರೆ ತೂಗಿ ಎಂದೆ. ಅದಕ್ಕೆ ಕಾರಣವಿದೆ. ತೂಕ ಎಷ್ಟು ಎನ್ನುವಷ್ಟೇ ಮುಖ್ಯ, ಅದು ಎಲ್ಲಿ ಕೂತಿದೆ ಎನ್ನುವುದು. ಹಿಂದಿನ ಆಕ್ಸಲ್ ಅನ್ನು, ಅಂದರೆ ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಅಚ್ಚನ್ನು, ಏತದ ಕಂಬ ಎಂದುಕೊಳ್ಳಿ. ಅದಕ್ಕಿಂತ ಹಿಂದೆ ಇಟ್ಟ ಭಾರ ಹಿಂಬದಿಯನ್ನು ಕೆಳಕ್ಕೆ ಒತ್ತುತ್ತದೆ, ಮುಂಬದಿಯನ್ನು ಮೇಲಕ್ಕೆ ಎತ್ತುತ್ತದೆ. ಎರಡು ಆಕ್ಸಲ್‌ಗಳ ನಡುವೆ 3 ಮೀಟರ್ ಇರುವ ಗಾಡಿಯಲ್ಲಿ, ಹಿಂದಿನ ಆಕ್ಸಲ್ಲಿನಿಂದ 1 ಮೀಟರ್ ಹಿಂದೆ 100 ಕಿಲೋ ಇಟ್ಟರೆ, ಆ ಆಕ್ಸಲ್ ಮೇಲೆ ಬೀಳುವುದು 100 ಅಲ್ಲ, 133. ಹೆಚ್ಚಿನ 33 ಕಿಲೋ ಬಂದದ್ದು ಮುಂದಿನ ಚಕ್ರದಿಂದ. ತಿರುಗಿಸುವುದೂ ಮುಂದಿನ ಚಕ್ರ, ಬ್ರೇಕ್ ಒತ್ತಿದಾಗ ಹೆಚ್ಚು ಕೆಲಸ ಮಾಡುವುದೂ ಅದೇ.

ನಾನು ಇದನ್ನು ಕಲಿತದ್ದು ಮಳೆ ಬಿದ್ದ ಒಂದು ಇಳಿಜಾರಿನಲ್ಲಿ. 18 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ, ಉಕ್ಕಿನ ಚಾನೆಲ್ ಹಾಕಿ, ಎರಡು ದೊಡ್ಡ ಡ್ರಾಯರ್ ಮಾಡಿಸಿದ್ದೆ. ನೋಡಲು ಬಹಳ ಚೆಂದವಾಗಿತ್ತು. ಉಪಕರಣ, ಡಬ್ಬಿ, ನೀರಿನ ಕ್ಯಾನು ಎಲ್ಲವನ್ನೂ ಕೈಗೆ ಸುಲಭವಾಗಿ ಸಿಗಲಿ ಎಂದು ಹಿಂಬಾಗಿಲ ಬಳಿಯೇ ಇಟ್ಟಿದ್ದೆ. ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದೆ, ಗಾಡಿ ಒಂದು ಕ್ಷಣ ನೇರಕ್ಕೇ ಹೋಯಿತು. ಏನೂ ಅನಾಹುತ ಆಗಲಿಲ್ಲ. ಆದರೆ ಆ ಒಂದು ಕ್ಷಣ ಸ್ಟೀರಿಂಗ್ ಕೈಯಲ್ಲಿ ಹತ್ತಿಯ ಹಾಗೆ ಹಗುರವಾಗಿದ್ದದ್ದು ಇವತ್ತಿಗೂ ಅಂಗೈಗೆ ನೆನಪಿದೆ. ಊರಿಗೆ ಬಂದ ವಾರವೇ ಡ್ರಾಯರ್ ಬಿಚ್ಚಿಸಿದೆ. ಈಗ ಇರುವುದು ಪ್ಲಾಸ್ಟಿಕ್ ಡಬ್ಬಗಳು, ಒಂದು ಡಬ್ಬಕ್ಕೆ ಒಂದೇ ಕೆಲಸ. ನೀರು, ಬ್ಯಾಟರಿ, ಉಪಕರಣ ಎಲ್ಲವೂ ಕ್ಯಾಬಿನ್ನಿನ ಗೋಡೆಗೆ ಒತ್ತಿ, ನೆಲಕ್ಕೆ ಬೆಲ್ಟ್ ಹಾಕಿ ಕಟ್ಟಿವೆ. ಹಿಂಬಾಗಿಲ ಬಳಿ ಇರುವುದು ಹಾಸಿಗೆಯ ತುದಿ ಮತ್ತು ಚಪ್ಪಲಿ.

ಸ್ಪ್ರಿಂಗ್ ದಪ್ಪ ಮಾಡಿಸಿದರೆ ಆಗದೇ ಎಂದು ಬಹಳ ಜನ ಕೇಳುತ್ತಾರೆ. ಗಟ್ಟಿ ಸ್ಪ್ರಿಂಗ್ ಗಾಡಿಯ ಬೆನ್ನನ್ನು ಮೇಲೆತ್ತಿ ತೋರಿಸುತ್ತದೆ. ಛಾಸಿ ಎನ್ನುವ ಅಡಿಯ ಉಕ್ಕಿನ ಚೌಕಟ್ಟು, ಆಕ್ಸಲ್, ಬ್ರೇಕ್ ಮೊದಲಿನವೇ. ಹಿಂದೆ ಅತಿಭಾರ ಹೇರಿ ಗುಂಡಿದಾರಿಯಲ್ಲಿ ಓಡಿಸಿದ ಪಿಕಪ್ಪುಗಳ ಛಾಸಿ ಕ್ಯಾಬಿನ್ನಿನ ಹಿಂದೆಯೇ ಬಾಗಿ ಹೋಗುವುದುಂಟು. ಜನವಸತಿ ಇಲ್ಲದ ಕಡೆ ಹಾಗಾದರೆ ಪ್ರಯಾಣ ಅಲ್ಲಿಗೆ ನಿಂತಂತೆಯೇ.

ಇನ್ನು ಮುಚ್ಚಳ ಕೂರಿಸುವ ವಿಷಯ. ಪಿಕಪ್ಪಿನ ಕ್ಯಾಬಿನ್ ಬೇರೆ, ಹಿಂದಿನ ಬಾಡಿ ಬೇರೆ. ಎರಡೂ ಒಂದೇ ಛಾಸಿಯ ಮೇಲೆ ಕೂತಿದ್ದರೂ ಕೆಟ್ಟ ದಾರಿಯಲ್ಲಿ ಒಂದೊಂದು ಒಂದೊಂದು ಕಡೆ ತಿರುಚಿಕೊಳ್ಳುತ್ತವೆ. ಹಾಗಾಗಿ ಟಾಪರ್ ಅನ್ನು ಬಾಡಿಯ ಅಂಚಿಗೆ ಮಾತ್ರ ಬಿಗಿಯಬೇಕು, ಕ್ಯಾಬಿನ್ನಿಗೆ ತಾಗಿಸಬಾರದು. ನಡುವಿನ ಸಂದಿಗೆ ಮೆತ್ತನೆಯ ರಬ್ಬರ್ ಇರಲಿ. ಬಾಡಿಯ ಅಂಚಿನ ಮೇಲೆ ಫೋಮ್ ಪಟ್ಟಿ ಹಾಸಿ, ಅದರ ಮೇಲೆ ಟಾಪರ್ ಕೂರಿಸಿ, ಒಳಗಿನಿಂದ ಕ್ಲ್ಯಾಂಪ್ ಹಾಕುತ್ತಾರೆ. ಫೋಮ್ ಅಮುಕಿಕೊಂಡ ಹಾಗೆ ಕ್ಲ್ಯಾಂಪ್ ಸಡಿಲವಾಗುತ್ತದೆ, ಆದ್ದರಿಂದ ಮೊದಲ ನೂರು ಕಿಲೋಮೀಟರ್ ಆದ ಮೇಲೆ ಸ್ಪ್ಯಾನರ್ ಹಿಡಿದು ಒಂದು ಸುತ್ತು ಹಾಕಿ. ಮಾಡಿನ ಮೇಲೆ ಹೊರಿಸುವ ಆಲೋಚನೆ ಇದ್ದರೆ ತಯಾರಕರನ್ನು ಎರಡು ಅಂಕಿ ಕೇಳಿ: ಗಾಡಿ ನಿಂತಾಗ ಎಷ್ಟು, ಓಡುವಾಗ ಎಷ್ಟು. ಎರಡನೆಯದು ಬಹಳ ಚಿಕ್ಕದಿರುತ್ತದೆ, ಕೊಳ್ಳುವವರು ಗಮನಿಸಬೇಕಾದದ್ದು ಅದನ್ನೇ.

ಈಗ ಧೂಳು. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಮಾತಾಡುತ್ತೇನೆ, ಏಕೆಂದರೆ ನನ್ನ ಮೊದಲ ಉದ್ದ ಪ್ರಯಾಣ ಹಾಳಾದದ್ದು ಇದರಿಂದಲೇ. ದಿನವಿಡೀ ಮಣ್ಣಿನ ದಾರಿ. ಸಂಜೆ ಹಿಂಬಾಗಿಲು ತೆರೆದರೆ ಹಾಸಿಗೆ, ದಿಂಬು, ಅನ್ನದ ಪಾತ್ರೆ, ಎಲ್ಲದರ ಮೇಲೂ ಟಾಲ್ಕಂ ಪೌಡರಿನಷ್ಟು ನಯವಾದ ಕೆಂಪು ಪುಡಿ. ಕಿಟಕಿಗಳೆಲ್ಲ ಮುಚ್ಚಿಯೇ ಇದ್ದವು. ಹೇಗೆ ಬಂತು?

ಓಡುವ ಗಾಡಿ ಗಾಳಿಯನ್ನು ಸೀಳಿಕೊಂಡು ಹೋಗುವಾಗ ಅದರ ಬೆನ್ನ ಹಿಂದೆ ಒತ್ತಡ ಕಡಿಮೆಯಾಗುತ್ತದೆ. ಚಕ್ರ ಎಬ್ಬಿಸಿದ ಧೂಳು ಆ ಜಾಗಕ್ಕೆ ಸುರುಳಿ ಸುತ್ತಿಕೊಂಡು ಬಂದು ಹಿಂಬಾಗಿಲಿಗೆ ಅಂಟಿಕೊಂಡಂತೆ ಓಡುತ್ತದೆ. ಟಾಪರ್ರಿನ ಸಂದುಗೊಂದುಗಳಿಂದ ಒಳಗಿನ ಗಾಳಿ ಸೋರಿ ಒಳಗೂ ಒತ್ತಡ ಇಳಿದಾಗ, ಹಿಂಬಾಗಿಲಿನ ಕೆಳಗಿನ ಸೀಳಿನಿಂದ ಧೂಳು ಹೀರಿಕೊಂಡು ಬರುತ್ತದೆ. ಪಿಕಪ್ಪಿನ ಹಿಂಬಾಗಿಲನ್ನು ಗಾಳಿ ತಡೆಯಲೆಂದು ಮಾಡಿರುವುದಿಲ್ಲ. ಅದು ಸಾಮಾನು ಬೀಳದಂತೆ ತಡೆಯುವ ಹಲಗೆ ಅಷ್ಟೇ. ಹಿಂಜಿನ ಬಳಿ ಬೆರಳು ತೂರುವಷ್ಟು ಸಂದು ಇರುತ್ತದೆ. ಬಾಡಿಯ ನೆಲದಲ್ಲಿ ನೀರು ಹೋಗಲು ತೂತುಗಳಿರುತ್ತವೆ.

ಸಂದುಗಳನ್ನು ಹುಡುಕಲು ನನಗೆ ಗೊತ್ತಿರುವ ಅತ್ಯುತ್ತಮ ಉಪಾಯಕ್ಕೆ ಖರ್ಚಿಲ್ಲ. ಕತ್ತಲಾದ ಮೇಲೆ ಒಬ್ಬರು ಸೀಮೆಸುಣ್ಣ ಹಿಡಿದು ಒಳಗೆ ಮಲಗಬೇಕು. ಎಲ್ಲ ಬಾಗಿಲು, ಕಿಟಕಿ ಮುಚ್ಚಿ, ಗಾಜಿಗೆ ಬಟ್ಟೆ ಹಾಕಬೇಕು. ಇನ್ನೊಬ್ಬರು ಹೊರಗಿನಿಂದ ಪ್ರಖರವಾದ ಟಾರ್ಚನ್ನು ಅಂಚಿಗೆ ಹತ್ತಿರ ಹಿಡಿದು ಗಾಡಿಯನ್ನು ನಿಧಾನವಾಗಿ ಸುತ್ತಬೇಕು, ನೆಲದ ಕೆಳಗೂ ಬೆಳಕು ಬಿಡಬೇಕು. ನಮ್ಮ ಗಾಡಿಯಲ್ಲಿ ಒಳಗೆ ಮಲಗಿದ್ದವಳು ನನ್ನ ಮಗಳು. ಹೊರಗೆ ನಾನು ಹೆಜ್ಜೆ ಹೆಜ್ಜೆ ಸರಿಯುತ್ತಿದ್ದರೆ ಒಳಗಿನಿಂದ ಅವಳ ದನಿ: “ಅಪ್ಪಾ, ಇಲ್ಲೊಂದು ನಕ್ಷತ್ರ. ಅಪ್ಪಾ, ಇನ್ನೊಂದು, ಮೂಲೇಲಿ.” ಕಂಡಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು. ಅವತ್ತು 23 ನಕ್ಷತ್ರ ಸಿಕ್ಕವು. ಹಿಂಬಾಗಿಲ ಅಂಚಿಗೆ ಟೊಳ್ಳು ರಬ್ಬರ್ ಬೀಡಿಂಗ್, ಹಿಂಜಿನ ಬಳಿ ದಪ್ಪ ರಬ್ಬರ್ ಹಾಳೆ, ನೆಲದ ತೂತುಗಳಿಗೆ ತೆಗೆದು ಹಾಕಬಹುದಾದ ರಬ್ಬರ್ ಬಿರಡೆ, ಮುಂದಿನ ಮೂಲೆಗಳಿಗೆ ಸಿಲಿಕೋನ್. ರಬ್ಬರ್ ಅಂಟಿಸುವ ಮೊದಲು ಅಂಚನ್ನು ಸ್ಪಿರಿಟ್ಟಿನಿಂದ ಒರೆಸಿ. ಹಾಗೆ ಮಾಡದ ಕಡೆಯೆಲ್ಲ ಎರಡನೇ ಬಿಸಿಲಿಗೇ ಕಿತ್ತು ಬಂತು.

ಎಷ್ಟು ಮುಚ್ಚಿದರೂ ಒಂದೆರಡು ಉಳಿದೇ ಉಳಿಯುತ್ತವೆ. ಅದಕ್ಕೆ ಮರುಭೂಮಿಯಲ್ಲಿ ಓಡಾಡುವವರು ಕಂಡುಕೊಂಡ ಪರಿಹಾರ ನನಗೆ ಬಹಳ ಇಷ್ಟ. ಟಾಪರ್ರಿನ ಮಾಡಿನಲ್ಲಿ, ಧೂಳು ಕಡಿಮೆ ಇರುವ ಎತ್ತರದಲ್ಲಿ, ಮುಂದಕ್ಕೆ ಬಾಯಿ ತೆರೆದ ಸಣ್ಣ ಗಾಳಿಗೂಡು ಇಡುತ್ತಾರೆ, ಒಳಗೆ ಒಂದು ಫಿಲ್ಟರ್. ಓಡುವಾಗ ಗಾಳಿ ಅದರೊಳಗೆ ನುಗ್ಗಿ ಟಾಪರ್ರಿನ ಒಳಗಿನ ಒತ್ತಡ ಹೊರಗಿಗಿಂತ ತುಸು ಹೆಚ್ಚಾಗುತ್ತದೆ. ಆಗ ಉಳಿದ ಸಂದುಗಳಲ್ಲಿ ಗಾಳಿ ಒಳಗಿನಿಂದ ಹೊರಕ್ಕೆ ಹರಿಯುತ್ತದೆ, ಧೂಳಿಗೆ ದಾರಿ ಇಲ್ಲ. ಮಳೆ ಬಂದರೆ ಅದನ್ನು ಮುಚ್ಚಲು ನೆನಪಿರಲಿ.

ಧೂಳನ್ನು ಹೊರಗಿಡಲು ಇಷ್ಟೆಲ್ಲ ಮುಚ್ಚಿದೆವು. ರಾತ್ರಿ ಮಲಗಿದಾಗ ಇದೇ ನಮಗೆ ತಿರುಗುಬಾಣ. ಚಳಿಯ ಒಂದು ರಾತ್ರಿ, ಎರಡು ಗಂಟೆ ಇರಬೇಕು, ಹೆಂಡತಿ ಎಬ್ಬಿಸಿದಳು: “ರೀ, ಮಳೆ ಸೋರ್ತಿದೆ ನೋಡಿ, ಹಣೆ ಮೇಲೆ ಬಿತ್ತು.” ಎದ್ದು ಹಿಂಬಾಗಿಲು ತೆರೆದರೆ ಆಕಾಶ ಸ್ವಚ್ಛ, ಒಂದು ಮೋಡವಿಲ್ಲ. ಟಾರ್ಚ್ ಮೇಲಕ್ಕೆ ಹಿಡಿದೆ. ಮಾಡಿನ ತುಂಬ ಸಾಸಿವೆ ಕಾಳಿನಂಥ ಹನಿಗಳು, ಅಕ್ಕಪಕ್ಕದವು ಸೇರಿ ದಪ್ಪಗಾಗಿ ಜಾರುತ್ತಿದ್ದವು. ಅದು ನಮ್ಮದೇ ಉಸಿರು.

ಲೆಕ್ಕ ಹಾಕಿದರೆ ಆಶ್ಚರ್ಯವೇನಿಲ್ಲ. ಒಬ್ಬ ಮನುಷ್ಯ ರಾತ್ರಿ ಮಲಗಿ ಏಳುವಷ್ಟರಲ್ಲಿ ಉಸಿರು, ಬೆವರು ಸೇರಿ ಕಾಲು ಲೀಟರಿನ ಆಸುಪಾಸು ನೀರು ಬಿಡುತ್ತಾನೆ. ಇಬ್ಬರದು ಅರ್ಧ ಲೀಟರ್. 2 ಮೀಟರ್ ಉದ್ದ, 1.4 ಮೀಟರ್ ಅಗಲ, 0.9 ಮೀಟರ್ ಎತ್ತರದ ಜಾಗದಲ್ಲಿ ಇರುವ ಗಾಳಿ ಎರಡೂವರೆ ಘನ ಮೀಟರ್. 10 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ಆವಿ 9 ಗ್ರಾಂ ಚಿಲ್ಲರೆ. ಅಂದರೆ ಇಡೀ ಟಾಪರ್ರಿನ ಗಾಳಿ ಹೊರುವುದು ಹೆಚ್ಚೆಂದರೆ ಎರಡು ದೊಡ್ಡ ಚಮಚದಷ್ಟು ನೀರು. ಉಳಿದದ್ದು ಎಲ್ಲಿಗೆ ಹೋಗಬೇಕು? ತಣ್ಣಗಿನ ಮಾಡಿಗೆ, ಕಿಟಕಿ ಗಾಜಿಗೆ, ಹಾಸಿಗೆಯ ಅಡಿಗೆ.

ಮಾಡಿನ ಒಳಮೈಗೆ ನೀರು ಹೀರದ ಫೋಮ್ ಹಾಳೆ ಅಂಟಿಸಿದರೆ ತಣ್ಣನೆಯ ಮೈ ಮುಚ್ಚಿ ಹನಿ ಕಡಿಮೆಯಾಗುತ್ತದೆ, ಅಲ್ಯೂಮಿನಿಯಂ ಟಾಪರ್ ಇರುವವರು ಇದನ್ನು ಮಾಡಲೇಬೇಕು. ಆದರೆ ಫೋಮ್ ನೀರನ್ನು ಹೊರಗೆ ಹಾಕುವುದಿಲ್ಲ, ಅದನ್ನು ಮಾಡಬೇಕಾದದ್ದು ಗಾಳಿಯೇ. ಒಂದು ಕಡೆ ತಗ್ಗಿನಲ್ಲಿ ಸೊಳ್ಳೆಪರದೆ ಹಾಕಿದ ಕಿಂಡಿ, ಎದುರು ಬದಿಯ ಎತ್ತರದಲ್ಲಿ ಇನ್ನೊಂದು. ಗಾಳಿ ನಿಂತ ರಾತ್ರಿಗೆ ಕಂಪ್ಯೂಟರಿನೊಳಗೆ ಇರುವಂಥ 12 ವೋಲ್ಟಿನ ಪುಟ್ಟ ಫ್ಯಾನ್ ಸಾಕು. ಚಳಿ ಎಷ್ಟೇ ಇರಲಿ, ಕಿಂಡಿ ತೆರೆದಿರಲಿ, ಕಂಬಳಿ ಇನ್ನೊಂದು ಇರಲಿ. ಹಾಸಿಗೆಯನ್ನು ನೇರ ಹಲಗೆಯ ಮೇಲೆ ಹಾಕಬೇಡಿ. ಪಟ್ಟಿಗಳ ನಡುವೆ ಎರಡು ಬೆರಳು ಜಾಗ ಬಿಟ್ಟು ಮಂಚ ಮಾಡಿದರೆ ಅಡಿಗೆ ಗಾಳಿ ಆಡುತ್ತದೆ, ಬೂಷ್ಟು ಹಿಡಿಯುವುದಿಲ್ಲ.

ಇದೇ ಉಸಿರಿನ ಮಾತಿಗೆ ಸೇರಿದ್ದು ಇನ್ನೊಂದಿದೆ, ಇದನ್ನು ಕೈಮುಗಿದು ಹೇಳುತ್ತೇನೆ. ಟಾಪರ್ರಿನ ಒಳಗೆ ಸ್ಟೌ ಹಚ್ಚಬೇಡಿ. ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರಾವಿ ಹುಟ್ಟುತ್ತದೆ, ಅದು ಹಾಗಿರಲಿ. ಮುಚ್ಚಿದ ಜಾಗದಲ್ಲಿ ಉರಿ ಅರೆಬರೆಯಾದರೆ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆ ಇಲ್ಲ, ನಿದ್ದೆಯಲ್ಲಿರುವವರನ್ನು ಅದು ಎಬ್ಬಿಸುವುದಿಲ್ಲ. ಚಳಿ ಕಾಯಿಸಲು ಇದ್ದಲಿನ ಕೆಂಡವನ್ನು ಒಳಗೆ ಇಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ ಎಂಬ ಸುದ್ದಿ ನೀವೆಲ್ಲ ಓದಿದ್ದೀರಿ. ಡೀಸೆಲ್ ಹೀಟರ್ ಹಾಕಿಸಿದರೆ ಅದರ ಹೊಗೆಕೊಳವೆ ಗಾಡಿಯ ಅಂಚು ದಾಟಿ ಹೊರಗೆ ಬರಲಿ, ಕಿಂಡಿಯಿಂದ ದೂರವಿರಲಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ತಲೆಯ ಹತ್ತಿರ ಇರಲಿ. ಗ್ಯಾಸ್ ಸಿಲಿಂಡರ್ ಒಳಗೇ ಇಡಬೇಕಾದರೆ ನೆಲಮಟ್ಟದಲ್ಲಿ ಗಾಳಿಕಿಂಡಿ ಬೇಕೇ ಬೇಕು. ಆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೀರಿನ ಹಾಗೆ ತಗ್ಗಿನಲ್ಲಿ ನಿಲ್ಲುತ್ತದೆ. ಧೂಳಿಗೆಂದು ನೆಲದ ತೂತು ಮುಚ್ಚಿದವರು ಇದನ್ನು ಮರೆಯಬಾರದು.

ಮಂಚದ ಅಳತೆಗೆ ಬರೋಣ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎನ್ನುವುದು ಇಲ್ಲಿ ಇಂಚಿನ ಲೆಕ್ಕ. ಐದು ಅಡಿಯ ಬಾಡಿಯಲ್ಲಿ ದೊಡ್ಡವರು ಕರ್ಣದಲ್ಲಿ ಮಲಗಬೇಕು, ಇಲ್ಲವೇ ಹಿಂಬಾಗಿಲು ಇಳಿಸಿ ಅದರ ಮೇಲೆ ಕಾಲು ಹೊರಹಾಕಬೇಕು. ಆರು ಅಡಿಯಲ್ಲಿ ಬಹುತೇಕರು ನೇರ ಮಲಗಬಹುದು. ಆದರೆ ಜನ ತಪ್ಪುವುದು ಎತ್ತರದಲ್ಲಿ. ಮಂಚದ ಕೆಳಗೆ ಸಾಮಾನು ಇಡುವ ಆಸೆಗೆ ಅದನ್ನು ಎತ್ತರಿಸುತ್ತಾರೆ, ಆಮೇಲೆ ಕೂತರೆ ತಲೆ ತಾಗುತ್ತದೆ. ಮೂರು ದಿನ ಮಳೆ ಹಿಡಿದಾಗ ಕೂರಲಾಗದ ಜಾಗದಲ್ಲಿ ಇರುವುದು ಬಲು ಕಷ್ಟ. ಆದ್ದರಿಂದ ಬಡಗಿಯನ್ನು ಕರೆಯುವ ಮೊದಲು ಖಾಲಿ ಬಾಡಿಯ ನೆಲದ ಮೇಲೆ ಚಾಪೆ, ಹಾಸಿಗೆ ಹಾಕಿ ಎರಡು ರಾತ್ರಿ ಮಲಗಿ. ಬಟ್ಟೆ ಬದಲಾಯಿಸಿ ನೋಡಿ. ಕತ್ತಲಲ್ಲಿ ನೀರಿನ ಬಾಟಲಿಗೆ ಕೈ ಎಲ್ಲಿಗೆ ಹೋಗುತ್ತದೆ, ಒಳಗಿನಿಂದ ಹಿಂಬಾಗಿಲು ತೆರೆಯಲು ಆಗುತ್ತದೆಯೇ ಎಂದು ನೋಡಿ. ಎಷ್ಟೋ ಹಿಂಬಾಗಿಲುಗಳ ಹಿಡಿ ಹೊರಗೆ ಮಾತ್ರ ಇರುತ್ತದೆ.

ಕರೆಂಟಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಹೆಚ್ಚು ತಿನ್ನುವುದು ಫ್ರಿಜ್. ಕಂಪ್ರೆಸರ್ ಓಡುವಾಗ ಸುಮಾರು 4 ಆಂಪಿಯರ್, ದಿನದಲ್ಲಿ ಮೂರನೇ ಒಂದು ಭಾಗ, ಅಂದರೆ 8 ಗಂಟೆ, ಓಡಿದರೆ 32 ಆಂಪಿಯರ್ ಅವರ್. ದೀಪ, ಫೋನು, ಫ್ಯಾನು ಸೇರಿ 40. 100 ಆಂಪಿಯರ್ ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಎರಡು ದಿನ ದೂಡುತ್ತದೆ, ತೂಕ 12 ಕಿಲೋ ಆಸುಪಾಸು. ಅಷ್ಟೇ ಅಳತೆಯ ಸೀಸದ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಳಸಿದರೆ ಅದರ ಆಯಸ್ಸು ಕುಗ್ಗುತ್ತದೆ, ತೂಕ ಎರಡು ಪಟ್ಟಿಗೂ ಹೆಚ್ಚು. ಲಿಥಿಯಂ ಬ್ಯಾಟರಿಯನ್ನು 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು, ಹಿಮದ ಕಡೆ ಹೋಗುವವರು ಗಮನಿಸಿ.

ಬ್ಯಾಟರಿಗೆ ಹಣ ಸುರಿದು ವೈರಿನಲ್ಲಿ ಉಳಿಸುವುದನ್ನು ಬಹಳ ನೋಡಿದ್ದೇನೆ. ಬಾನೆಟ್ಟಿನೊಳಗಿನ ಬ್ಯಾಟರಿಯಿಂದ ಹಿಂದಕ್ಕೆ 5 ಮೀಟರ್, ಹೋಗಿ ಬರುವುದು 10 ಮೀಟರ್. 2.5 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ 10 ಆಂಪಿಯರ್ ಹರಿದರೆ ದಾರಿಯಲ್ಲೇ 0.7 ವೋಲ್ಟ್ ಕಳೆದುಹೋಗುತ್ತದೆ. ಬ್ಯಾಟರಿಯಲ್ಲಿ ಇನ್ನೂ ಸಾಕಷ್ಟು ಚಾರ್ಜ್ ಇದ್ದರೂ ಅದು ಬರಿದಾಗಿದೆ ಎಂದುಕೊಂಡು ಫ್ರಿಜ್ ಆಫ್ ಆಗಬಹುದು. 6 ಚದರ ಮಿಲಿಮೀಟರ್ ಹಾಕಿದರೆ ನಷ್ಟ 0.3ಕ್ಕೆ ಇಳಿಯುತ್ತದೆ. ಮತ್ತು ಫ್ಯೂಸ್ ಬ್ಯಾಟರಿಯ ಪ್ಲಸ್ಸಿನಿಂದ ಗೇಣುದ್ದದೊಳಗೇ ಇರಲಿ. ಫ್ಯೂಸ್ ಕಾಯುವುದು ವೈರನ್ನು. ಅದನ್ನು ಫ್ರಿಜ್ಜಿನ ಕಡೆಯ ತುದಿಯಲ್ಲಿ ಹಾಕಿದರೆ, ನಡುದಾರಿಯಲ್ಲಿ ವೈರ್ ಛಾಸಿಗೆ ಉಜ್ಜಿ ತೊಗಟೆ ಹರಿದಾಗ ಬೆಂಕಿಯನ್ನು ತಡೆಯುವವರು ಯಾರೂ ಇರುವುದಿಲ್ಲ. ಬೆಂಕಿ ಆರಿಸುವ ಸಿಲಿಂಡರ್ ಹಾಸಿಗೆಯಲ್ಲಿದ್ದೇ ಕೈಗೆ ಸಿಗುವ ಕಡೆ ಇರಲಿ.

ಮಾಡಿನ ಮೇಲಿನ ಟೆಂಟು ಒಳ್ಳೆಯದೋ, ಒಳಗೆ ಮಲಗುವುದು ಒಳ್ಳೆಯದೋ ಎಂದು ಮುಂದಿನ ಸಾಲಿನಿಂದ ಒಂದು ಚೀಟಿ ಬಂದಿದೆ. ಮೂರು ನಾಲ್ಕು ಜನರ ಕುಟುಂಬವಾದರೆ ಟೆಂಟು ಬೇಕಾಗುತ್ತದೆ, ಒಪ್ಪುತ್ತೇನೆ. ಇಬ್ಬರೇ ಆದರೆ ನಾನು ಒಳಗೇ ಮಲಗುತ್ತೇನೆ. ಅರವತ್ತು ಎಪ್ಪತ್ತು ಕಿಲೋ ಗಾಡಿಯ ನೆತ್ತಿಯ ಮೇಲೆ ಕೂತರೆ ಓರೆ ದಾರಿಯಲ್ಲಿ ಅದರ ತೂಗಾಟ ಸೀಟಿಗೆ ತಿಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ರಾತ್ರಿ ಜಾಗ ಸರಿಯಿಲ್ಲ ಎನಿಸಿದರೆ ಒಳಗಿದ್ದವರು ಹೊರಗಿನದೇನನ್ನೂ ಮಡಚಬೇಕಿಲ್ಲ, ಮುಂದೆ ಬಂದು ಕೂತು ಕೀಲಿ ತಿರುಗಿಸಿದರೆ ಸಾಕು.

ನನ್ನ ಗಾಡಿ ಹೊರಗೆ ಮರದ ಕೆಳಗೆ ನಿಂತಿದೆ. ಹೋದ ವಾರ ಹಿಂಬಾಗಿಲಿಗೆ ಹೊಸ ಬೀಡಿಂಗ್ ಹಾಕಿದ್ದೇನೆ, ಇನ್ನೂ ಪರೀಕ್ಷೆ ಮಾಡಿಲ್ಲ. ಈಗ ಚೆನ್ನಾಗಿ ಕತ್ತಲಾಗಿದೆ. ಟಾರ್ಚ್ ನನ್ನ ಬಳಿ ಇದೆ, ಸೀಮೆಸುಣ್ಣ ಡ್ಯಾಶ್‌ಬೋರ್ಡಿನಲ್ಲಿದೆ. ಒಳಗೆ ಮಲಗಿ ನಕ್ಷತ್ರ ಎಣಿಸಲು ಒಬ್ಬರು ಬೇಕು.